ಗಣಿಯ ವಿದ್ಯೆಯೂ ವಿದ್ಯಾರ್ಥಿವೇತನವೂ

ಗಣಿಯೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕೋಲಾರದ ಚಿನ್ನ. ಆ ಚಿನ್ನವನ್ನು ಮೇಲಕ್ಕೆತ್ತಿದ ಕೈಗಳ ನೆನಪು ಅಷ್ಟಾಗಿ ಆಗದು. ಆ ಕೈಗಳನ್ನು ಕಾಪಾಡತಕ್ಕ ವಿದ್ಯೆಯ ನೆನಪಂತೂ ಇನ್ನೂ ಕಡಮೆ. ಈ ವಿದ್ಯೆಯನ್ನು ಕಲಿಯಬೇಕೆಂದಿರುವ ಬಡ ವಿದ್ಯಾರ್ಥಿಗಳಿಗೆ ದೊರೆಯುವ ವೇತನಗಳು ಯಾವುವು, ಅವು ಎಷ್ಟರಮಟ್ಟಿಗೆ ಸಾಕಾಗುತ್ತವೆ, ಎಲ್ಲಿ ಸಾಲದೆ ಹೋಗುತ್ತವೆ ಎಂಬುದನ್ನು ಈಗ ವಿಚಾರ ಮಾಡೋಣ.

ಗಣಿಯ ವಿದ್ಯೆಗೂ ಇತರ ವಿದ್ಯೆಗಳಿಗೂ ಒಂದು ಮುಖ್ಯವಾದ ಭೇದವುಂಟು. ಕಾಲೇಜಿನ ಪದವಿಯೊಂದರಿಂದಲೇ ಯಾರೂ ಗಣಿಯ ವ್ಯವಸ್ಥಾಪಕರಾಗಲಾರರು. ಕಾಯಿದೆಯ ಪ್ರಕಾರ ಪ್ರತಿ ಗಣಿಗೂ ಅರ್ಹನಾದ ವ್ಯವಸ್ಥಾಪಕನೊಬ್ಬನಿರಬೇಕು. ಆ ಅರ್ಹತೆಯ ಪತ್ರವನ್ನು ಪಡೆಯಬೇಕಾದರೆ, ಪದವಿಯಾದ ಮೇಲೆ ನಿಯಮಿತ ಕಾಲ ಗಣಿಯಲ್ಲಿ ದುಡಿದು, ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶಕರ ಇಲಾಖೆಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕು.

ಇಷ್ಟು ಕಟ್ಟುನಿಟ್ಟೇಕೆಂದು ಕೇಳಬಹುದು. ೧೯೭೫ರ ಡಿಸೆಂಬರ್ ೨೭ರಂದು ಧನಬಾದಿನ ಬಳಿಯ ಚಸ್ನಾಲಾ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ ೩೭೫ ಮಂದಿ ಮಡಿದರು. ಹಳೆಯ ಸುರಂಗದಲ್ಲಿ ನೀರು ಎಷ್ಟು ನಿಂತಿದೆ, ನಡುವಣ ಗೋಡೆ ಎಷ್ಟು ದಪ್ಪವಿದೆ ಎಂಬ ಲೆಕ್ಕವು ಗಣಿಯಲ್ಲಿ ಜೀವದ ಲೆಕ್ಕ. ಕೋಲಾರದ ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಮಿಕ್ಕಿ ಆಳಕ್ಕೆ ಹೋಗಿದ್ದಿತು. ಅಂಥ ಆಳದಲ್ಲಿ ಮೇಲಿನ ಭಾರಕ್ಕೆ ಬಂಡೆಯೇ ಸಿಡಿಯುವುದುಂಟು. ಗಾಳಿಯನ್ನು ಯಂತ್ರಗಳಿಂದ ಕಳುಹಿಸದಿದ್ದರೆ ತಾಪವು ಸಹಿಸಲಾಗದು. ಮೋಜಣಿ, ವಾಯುಸಂಚಾರ, ಶಿಲಾಶಾಸ್ತ್ರ ಇವುಗಳನ್ನು ಬಲ್ಲವರು ಸಾಲದಾದರೆ ಅದರ ಬೆಲೆಯನ್ನು ತೆರುವವನು ಕೂಲಿಯವನು.

ಹಿಂದೆ ಈ ವಿದ್ಯೆಯು ನಮ್ಮವರಿಗೆ ದೂರದ್ದಾಗಿತ್ತು. ೧೯೦೪ರಿಂದ ಭಾರತ ಸರ್ಕಾರವು ಕೈಗಾರಿಕಾ ವಿದ್ಯೆಗಳಿಗಾಗಿ ಕೆಲವರಿಗೆ ವೇತನ ಕೊಟ್ಟು ಹೊರದೇಶಕ್ಕೆ ಕಳುಹಿಸುವ ಏರ್ಪಾಡು ಮಾಡಿತು, ಗಣಿಗಾರಿಕೆಯೂ ಅವುಗಳಲ್ಲೊಂದು. ೧೯೨೬ರಲ್ಲಿ ಧನಬಾದಿನಲ್ಲಿ ಗಣಿಶಾಲೆಯು ಸ್ಥಾಪಿತವಾದ ಮೇಲೆ ದೇಶದೊಳಗೇ ಉನ್ನತ ಶಿಕ್ಷಣಕ್ಕೆ ದಾರಿಯಾಯಿತು. ೨೦೧೬ರಲ್ಲಿ ಆ ಶಾಲೆಯು ಐ.ಐ.ಟಿ.ಗಳ ಸಾಲಿಗೆ ಸೇರಿತು. ನಮ್ಮ ನಾಡಿನಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯು ಗಣಿ ಇಂಜಿನಿಯರಿಂಗ್ ಪದವಿಯನ್ನು ಕೊಡುತ್ತದೆ.

ಈಗ ದೊರೆಯುವ ನೆರವನ್ನು ನೋಡೋಣ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮೆಟ್ರಿಕ್ಕಿನ ನಂತರದ ವೇತನವು ಈ ವಿದ್ಯೆಗೂ ಸಲ್ಲುತ್ತದೆ. ಕಬ್ಬಿಣ, ಮ್ಯಾಂಗನೀಸ್, ಕ್ರೋಮ್ ಅದಿರಿನ ಗಣಿಗಳಲ್ಲಿಯೂ ಸುಣ್ಣಕಲ್ಲು, ಡಾಲೊಮೈಟ್ ಗಣಿಗಳಲ್ಲಿಯೂ ದುಡಿಯುವವರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯು ತರಗತಿಗನುಸಾರವಾಗಿ ವರ್ಷಕ್ಕೆ ೧,೦೦೦ದಿಂದ ೨೫,೦೦೦ ರೂಪಾಯಿಗಳವರೆಗೆ ಕೊಡುತ್ತದೆ. ಇದಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಗೇಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ೧೨,೪೦೦ ರೂಪಾಯಿ ವೇತನವುಂಟು.

ಇವಲ್ಲದೆ ಇನ್ನೊಂದು ನಿಧಿಯನ್ನು ನಾವು ಎಲ್ಲರಿಗೂ ತಿಳಿಸಬೇಕು. ೨೦೧೫ರ ತಿದ್ದುಪಡಿಯಂತೆ ಗಣಿಯಿರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟಿವೆ. ಹಳೆಯ ಗುತ್ತಿಗೆದಾರರು ತಾವು ಸಲ್ಲಿಸುವ ರಾಜಧನದ ಶೇಕಡ ೩೦ರಷ್ಟನ್ನು, ಹೊಸದಾಗಿ ಹರಾಜಿನಲ್ಲಿ ಪಡೆದವರು ಶೇಕಡ ೧೦ರಷ್ಟನ್ನು ಇದಕ್ಕೆ ಬೇರೆಯಾಗಿ ಕೊಡಬೇಕು. ಗಣಿಯಿಂದ ಬಾಧಿತರಾದವರಿಗಾಗಿಯೇ ಇರುವ ಈ ಹಣದಲ್ಲಿ ಶಿಕ್ಷಣವು ಮೊದಲ ಆದ್ಯತೆಯ ಬಾಬುಗಳಲ್ಲೊಂದು. ಬಳ್ಳಾರಿ, ಚಿತ್ರದುರ್ಗಗಳಂಥ ಜಿಲ್ಲೆಗಳ ಗ್ರಾಮಸ್ಥರು ಗ್ರಾಮಸಭೆಯಲ್ಲಿಯೂ ಜಿಲ್ಲಾಧಿಕಾರಿಗಳಲ್ಲಿಯೂ ವಿದ್ಯಾರ್ಥಿವೇತನದ ಮಾತನ್ನೆತ್ತಿ ಕೇಳುವುದು ಯಾಚನೆಯಲ್ಲ; ಅದು ಅವರ ಹಕ್ಕಿನ ಮಾತು.

ಆದರೆ ಈ ನೆರವುಗಳಲ್ಲಿ ಒಂದು ಕೊರತೆ ಕಾಣುತ್ತದೆ. ವೇತನವನ್ನು ಕೊಡುವವರು ಸಾಮಾನ್ಯವಾಗಿ ಕಾಲೇಜಿನ ವರ್ಷಗಳನ್ನಷ್ಟೇ ಎಣಿಸುತ್ತಾರೆ. ಗಣಿಯ ವಿದ್ಯಾರ್ಥಿಗಾದರೋ ರಜೆಯಲ್ಲಿ ದೂರದ ಗಣಿಗಳಿಗೆ ಹೋಗಿ ಅಭ್ಯಾಸಮಾಡುವ ಖರ್ಚಿದೆ. ಪದವಿಯಾದ ಮೇಲೆ ಅರ್ಹತೆಯ ಪತ್ರ ಕೈಸೇರುವವರೆಗೆ ಕಾಯುವ ಕಾಲವಿದೆ. ಈ ನಡುವೆ ತಂದೆಗೆ ಕಾಯಿಲೆಯಾಯಿತೆಂದರೆ ಬಡವರ ಮಗನು ಸಿಕ್ಕಿದ ಕೆಲಸಕ್ಕೆ ಸೇರಿ ವಿದ್ಯೆಯನ್ನು ಅರ್ಧಕ್ಕೆ ಬಿಡುವನು. ಹೊಳೆಯ ಮುಕ್ಕಾಲು ಪಾಲು ದಾಟಿಸಿ ದೋಣಿಯಿಂದಿಳಿಸಿದರೆ ಉಪಕಾರವಾದೀತೆ? ಪ್ರವೇಶದಿಂದ ಮೊದಲುಗೊಂಡು ಅರ್ಹತೆಯ ಪತ್ರದವರೆಗೆ ಕೈಬಿಡದೆ ನಡೆಯಿಸುವ ವೇತನವೇ ಈ ವಿದ್ಯೆಗೆ ತಕ್ಕುದೆಂದು ನಮ್ಮ ಅಭಿಪ್ರಾಯ.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಂದು ಮಾತು. ನೆಲದೊಳಗಿನ ಗಣಿಕೆಲಸವು ಅವರಿಗೆ ಬಹುಕಾಲ ನಿಷಿದ್ಧವಾಗಿತ್ತು. ೨೦೧೯ರಲ್ಲಿ ಸರ್ಕಾರವು ಕೆಲವು ಕಟ್ಟಳೆಗಳೊಡನೆ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲಿನಲ್ಲಿ ಅವರು ಇಳಿಯಬಹುದೆಂದು ಅನುಮತಿಯಿತ್ತಿತು. ಬಾಗಿಲು ತೆರೆದ ಮೇಲೆ ವೇತನವೂ ಅವರನ್ನು ಅರಸಿ ಹೋಗಬೇಡವೆ?

ಕಡೆಗೊಂದು ಎಚ್ಚರಿಕೆ. ಗಣಿಗೆ ಆಯುಷ್ಯವುಂಟು. ನೂರಿಪ್ಪತ್ತು ವರ್ಷ ನಡೆದ ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ರಾಯಚೂರಿನ ಹಟ್ಟಿಯ ಗಣಿಯು ಇಂದಿಗೂ ನಡೆಯುತ್ತಿದೆ. ಆದಕಾರಣ ಒಂದೇ ಗಣಿಯ ಕೆಲಸಕ್ಕೆ ಕಟ್ಟಿಹಾಕುವ ಕರಾರಿನ ವೇತನವನ್ನು ಒಪ್ಪುವ ಮುನ್ನ ಯೋಚಿಸಬೇಕು. ಮೋಜಣಿ, ಬಂಡೆಯ ಬಲಾಬಲ, ವಾಯುಸಂಚಾರ ಇವನ್ನು ಚೆನ್ನಾಗಿ ಕಲಿತವನಿಗೆ ರೈಲುದಾರಿಯ ಸುರಂಗದಲ್ಲಿಯೂ ಜಲವಿದ್ಯುತ್ತಿನ ಕಾಲುವೆಯಲ್ಲಿಯೂ ಕೆಲಸವುಂಟು.

ಶಾಲೆಯ ಉಪಾಧ್ಯಾಯರೂ ಗ್ರಾಮದ ಹಿರಿಯರೂ ಈ ಸಂಗತಿಗಳನ್ನು ಕೂಲಿಗಾರರ ಮನೆಗಳಿಗೆ ಮುಟ್ಟಿಸಿ, ಆದಾಯದ ಪತ್ರ ಮೊದಲಾದುವನ್ನು ಸಕಾಲದಲ್ಲಿ ದೊರಕಿಸಿಕೊಡಬೇಕೆಂದು ಬೇಡುತ್ತೇವೆ. ತಂದೆಯು ಗುದ್ದಲಿ ಹಿಡಿದು ಇಳಿದ ಗಣಿಗೆ ಮಗನೋ ಮಗಳೋ ನಕ್ಷೆಯನ್ನು ಹಿಡಿದು ಇಳಿಯುವಂತಾದರೆ, ಆ ನಕ್ಷೆಯನ್ನು ಎಚ್ಚರದಿಂದ ಓದಲು ಅವರಿಗಿಂತ ಹೆಚ್ಚಿನ ಕಾರಣವುಳ್ಳವರು ಯಾರಿದ್ದಾರೆ?