ಪಾಲು ಬಿಡುವವರ ಬೆಟ್ಟ

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟರೆ ಗದ್ದೆ, ತೆಂಗಿನ ತೋಟಗಳನ್ನು ದಾಟಿ ಮೊದಲು ಸಿಗುವುದು ಗುಂಬಳ್ಳಿ. ಬಸ್ಸಿನಲ್ಲಿ ಹೋಗುವವರ ಕಣ್ಣು ಬೆಟ್ಟದ ಮೇಲೆಯೇ ಇರುವುದರಿಂದ ಈ ಊರು ಹಿಂದಾದದ್ದೇ ತಿಳಿಯುವುದಿಲ್ಲ. ಆದರೆ ಸೇವೆಯ ಹಂಬಲ ಹೊತ್ತು ಬರುವವರು ಇಲ್ಲಿ ಇಳಿದು ಒಂದು ಗಳಿಗೆ ನಿಲ್ಲಬೇಕು. ಒಂದು ಕಾಲಕ್ಕೆ ಯಳಂದೂರು ತಾಲ್ಲೂಕನ್ನು ಕುಷ್ಠರೋಗ ಬಹಳ ಕಾಡಿತ್ತು. ಅದನ್ನು ಎದುರಿಸಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಹತ್ತು ವರ್ಷಗಳ ನಂತರ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನೂ ಅದೇ ಸಂಸ್ಥೆ ಹೊತ್ತುಕೊಂಡಿತು.

ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ತಿರುವು ತಿರುವಾಗಿ ಏರುತ್ತದೆ. ಕುರುಚಲು ಕಾಡು ದಟ್ಟವಾಗುತ್ತಾ ಹೋಗಿ, ಸೆಕೆ ಇಳಿದು, ಮೈಗೆ ತಂಪು ತಾಗುವ ಹೊತ್ತಿಗೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬರುತ್ತದೆ. ಡಾ. ಎಚ್. ಸುದರ್ಶನ್ ಇದನ್ನು ಕಟ್ಟಿದ್ದು 1981ರಲ್ಲಿ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಅವರು ಇಲ್ಲಿಗೆ ಬಂದದ್ದು ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಿಗೆ ಚಿಕಿತ್ಸೆ ನೀಡಲು. ಆದರೆ ಔಷಧಿಯೊಂದರಿಂದಲೇ ಕಾಯಿಲೆ ಹೋಗದು, ಅದರ ಬೇರು ಹಸಿವಿನಲ್ಲಿ, ಭೂಮಿಯಿಲ್ಲದ್ದರಲ್ಲಿ, ಓದಿಲ್ಲದ್ದರಲ್ಲಿ ಇದೆ ಎಂಬುದು ತಿಳಿಯುತ್ತಿದ್ದಂತೆ ಆಸ್ಪತ್ರೆಯ ಪಕ್ಕದಲ್ಲಿ ಶಾಲೆ ಎದ್ದಿತು, ಕಸುಬು ಕಲಿಸುವ ಕೆಲಸ ಶುರುವಾಯಿತು, ಜನ ಸಂಘ ಕಟ್ಟಿಕೊಂಡರು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇಲ್ಲಿ ಓದಿದ ಮಕ್ಕಳು ಇಂದು ಶಿಕ್ಷಕರಾಗಿ, ದಾದಿಯರಾಗಿ, ಸಂಶೋಧಕರಾಗಿ ದುಡಿಯುತ್ತಿದ್ದಾರೆ. ಸೋಲಿಗರಲ್ಲಿ ಮೊದಲು ಡಾಕ್ಟರೇಟ್ ಪಡೆದ ಸಿ. ಮಾದೇಗೌಡರು ಈ ಬೆಟ್ಟದವರೇ.

ಸ್ವಯಂಸೇವಕರಿಗೆ ಇಲ್ಲಿ ಒದಗುವ ಕೆಲಸಗಳು ಸಣ್ಣವು. ಸಂಜೆ ಮಕ್ಕಳ ಪಕ್ಕ ಕೂತು ಪಾಠ ಓದಿಸುವುದು, ಆರೋಗ್ಯ ಕಾರ್ಯಕರ್ತೆಯ ಜೊತೆ ಪೋಡುಗಳಿಗೆ ನಡೆದು ಹೆಸರು, ವಯಸ್ಸು, ತೂಕ ಬರೆದುಕೊಳ್ಳುವುದು. ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ವಂಶಪಾರಂಪರ್ಯವಾಗಿ ಬರುತ್ತದೆ. ಹಾಗಾಗಿ ರಕ್ತಪರೀಕ್ಷೆಯ ದಾಖಲೆ ಬಹಳ ಮುಖ್ಯ. ನಾನೂ ಈ ಕೆಲಸಗಳಿಗೆ ಕೈಜೋಡಿಸಿದ್ದೇನೆ. ಕೆಮ್ಮಣ್ಣಿನ ದಾರಿಯಲ್ಲಿ ಕಾರ್ಯಕರ್ತೆ ಮುಂದೆ, ನಾವು ಹಿಂದೆ. ಆನೆಯ ಲದ್ದಿ ಹಸಿಯಾಗಿದೆಯೇ ಎಂದು ನೋಡಿಕೊಂಡು ಆಕೆ ಕೈಸನ್ನೆ ಮಾಡಿದ ಮೇಲೆಯೇ ಹೆಜ್ಜೆ ಮುಂದಿಡುವುದು.

ಪೋಡು ಎಂದರೆ ಸೋಲಿಗರ ಊರು: ಹತ್ತಿಪ್ಪತ್ತು ಮನೆಗಳು, ಅಂಗಳದಲ್ಲಿ ಕೋಳಿ, ಹಿತ್ತಿಲಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಹೊರಗಿನಿಂದ ಬಂದವರಿಗೆ ಮೊದಲು ಕಾಣುವುದು ಇಲ್ಲದ್ದು. ಸೋರುವ ಸೂರು, ದೂರದ ನೀರು, ಕರೆಂಟು ಬಾರದ ರಾತ್ರಿ. ಇವನ್ನು ನೋಡಿ, ‘ನಮಗೆ ದೇವರು ಎಷ್ಟೊಂದು ಕೊಟ್ಟಿದ್ದಾನೆ’ ಎಂದು ಕಣ್ಣೊರೆಸಿಕೊಳ್ಳುವ ಕೃತಜ್ಞತೆಯಿದೆಯಲ್ಲ, ಅದು ಊರಿಗೆ ಮರಳಿದ ವಾರದಲ್ಲೇ ಆರಿಹೋಗುತ್ತದೆ. ಇನ್ನೊಬ್ಬರ ಕೊರತೆಯನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಪುಣ್ಯವನ್ನು ಎಣಿಸುವುದರಲ್ಲಿ ಅವರಿಗೇನೂ ಸಿಗುವುದಿಲ್ಲ, ನಾವೂ ಏನೂ ಕಲಿಯುವುದಿಲ್ಲ.

ಕಲಿಯುವುದಿದ್ದರೆ ಹಿರಿಯರೊಬ್ಬರ ಜೊತೆ ಕಾಡಂಚಿಗೆ ಹೋಗಬೇಕು. ನೂರೆ ಗೆಣಸಿನ ಬಳ್ಳಿ ಕಂಡರೆ ಸೋಲಿಗರು ಬುಡ ಅಗೆದು ಬೇಕಾದಷ್ಟು ಗೆಡ್ಡೆ ತೆಗೆಯುತ್ತಾರೆ. ಬಳ್ಳಿಯ ಬುಡವನ್ನು ಹಾಗೇ ಬಿಟ್ಟು, ಗುಂಡಿಗೆ ಮಣ್ಣು ಎಳೆದು ಮುಚ್ಚುತ್ತಾರೆ; ಮುಂದಿನ ಮಳೆಗೆ ಅದು ಮತ್ತೆ ಚಿಗುರಬೇಕು. ನೆಲ್ಲಿ ಮರದಲ್ಲಿ ಕಾಡುಪ್ರಾಣಿಗಳಿಗೂ ಕಾಯಿ ಉಳಿಸುತ್ತಾರೆ. ಹೆಜ್ಜೇನು ಕಿತ್ತಾಗ ಒಂದು ಪಾಲನ್ನು ನೆಲದ ಮೇಲಿಡುವ ರೂಢಿಯೂ ಉಂಟು. ಅದು ಹುಲಿಯ ಪಾಲು. ಹುಲಿಗೆ ಮರದ ತುದಿಯ ಜೇನು ಎಟುಕುವುದಿಲ್ಲವಲ್ಲ!

“ಎಲ್ಲಾನೂ ನಾವೇ ತಗಂಡ್ರೆ ಹೆಂಗೆ ಮೇಷ್ಟ್ರೇ? ಕೊಟ್ಟೋರ್ಗೂ ಒಂದು ಪಾಲು ಬುಡ್ಬೇಕು,” ಎಂದರು ನನ್ನನ್ನು ಕರೆದೊಯ್ದ ತಾತ. ಅಷ್ಟು ಹೇಳಿ ಗೆಣಸಿನ ಮಣ್ಣು ಕೊಡವಿ ಮುಂದೆ ನಡೆದರು. ಈ ಬೆಟ್ಟದಲ್ಲಿ ಕೃತಜ್ಞತೆ ಕೈಯ ಕೆಲಸ. ತೆಗೆದುಕೊಳ್ಳುವಾಗಲೇ ಬಿಟ್ಟುಬರುವುದು ಅದರ ರೀತಿ.

ಕಾಡಿನೊಳಗಿನ ದೊಡ್ಡ ಸಂಪಿಗೆ ಮರದ ಬುಡದಲ್ಲಿ ಇದೇ ನಡವಳಿಕೆ ಪೂಜೆಯ ರೂಪ ತಾಳಿದೆ. ಶತಮಾನಗಳನ್ನು ಕಂಡ ಆ ಸಂಪಿಗೆಯೇ ಸೋಲಿಗರಿಗೆ ದೇವರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರ ಪವಿತ್ರ ತಾಣಗಳು ಕಾಡಿನ ತುಂಬ ಹರಡಿವೆ. ಬೆಟ್ಟದ ತುದಿಯ ರಂಗನಾಥನಂತೂ ಅವರಿಗೆ ನೆಂಟ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದದ್ದರಿಂದ ಆತ ಭಾವ. ದೇವರೇ ಭಾವನಾದ ಮೇಲೆ ಕೊಡುಕೊಳ್ಳುವುದರಲ್ಲಿ ಯಾರೂ ಯಾರ ಮುಂದೆಯೂ ಕುಗ್ಗಬೇಕಿಲ್ಲ.

ಇಷ್ಟು ಪಾಲು ಬಿಡುವವರು ಬಡವರಾಗಿ ಉಳಿದದ್ದೇಕೆ ಎಂಬ ಪ್ರಶ್ನೆಯನ್ನು ಮಾತ್ರ ಭಕ್ತಿಯ ಮಾತಿನಲ್ಲಿ ಮುಚ್ಚಬಾರದು. 1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾದಾಗ ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಬೇಟೆ ನಿಂತಿತು, ಎಷ್ಟೋ ಪೋಡುಗಳು ಜಾಗ ಬದಲಿಸಬೇಕಾಯಿತು. ಹಿಂದೆ ಅವರು ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದೂ ನಿಂತ ಮೇಲೆ ಲಂಟಾನ ಕಳೆ ಹಬ್ಬಿ ಹುಲ್ಲು, ಗೆಡ್ಡೆ, ಎಳೆಯ ಸಸಿಗಳನ್ನು ನುಂಗಿತು ಎನ್ನುತ್ತಾರೆ ಹಿರಿಯರು. ಮುಂದೆ ಜೇನು, ನೆಲ್ಲಿ, ಪಾಚಿ ಆರಿಸಿ ಮಾರುವುದಕ್ಕೂ ತಡೆ ಬಂದು ಕೈಗೆ ಬರುತ್ತಿದ್ದ ನಾಲ್ಕು ಕಾಸೂ ತಪ್ಪಿತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಅವರು ಮೊದಲಿಗರು. ಯಾರದೋ ಔದಾರ್ಯಕ್ಕೆ ಕಾಯದೆ, ವರ್ಷಗಟ್ಟಲೆ ಗ್ರಾಮಸಭೆ ಸೇರಿ, ನಕ್ಷೆ ಬರೆದು, ಅರ್ಜಿ ಹಾಕಿ ಪಡೆದದ್ದು ಅದು.

ಹಾಗಾದರೆ ಯಾರು ಯಾರಿಗೆ ಋಣಿ? ಈ ಬೆಟ್ಟಸಾಲಿನ ತೊರೆಗಳು ಸುವರ್ಣಾವತಿಯನ್ನು ಸೇರುತ್ತವೆ. ಸುವರ್ಣಾವತಿ ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ, ಶಿವನಸಮುದ್ರದ ಬಳಿ ಎತ್ತಿದ ನೀರೇ ಬೆಂಗಳೂರಿನ ನಲ್ಲಿಗಳಲ್ಲಿ ಬರುವುದು. ಕಾಡನ್ನು ಕಾಡಾಗಿ ಉಳಿಸಿದವರ ಪಾಲು ನಮ್ಮ ಕುಡಿಯುವ ನೀರಿನಲ್ಲಿದೆ. ಹೀಗಿರುವಾಗ ಸೇವೆಗೆಂದು ಬೆಟ್ಟ ಹತ್ತುವ ಪಟ್ಟಣಿಗರು ದಾನ ಕೊಡಲು ಬಂದವರಲ್ಲ, ತಡವಾಗಿ ಸಾಲ ತೀರಿಸಲು ಬಂದವರು. ಇದು ಮನಸ್ಸಿಗೆ ನಾಟಿದರೆ ಮಾತು ಮೆತ್ತಗಾಗುತ್ತದೆ, ಕೆಲಸ ಗಟ್ಟಿಯಾಗುತ್ತದೆ.

ಬೆಟ್ಟಕ್ಕೆ ಯಳಂದೂರು ಮತ್ತು ಚಾಮರಾಜನಗರ ಎರಡೂ ಕಡೆಯಿಂದ ರಸ್ತೆಯಿದೆ. ದೊಡ್ಡ ಸಂಪಿಗೆ ನೋಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸೋಲಿಗರು ಬೆಳೆದ ಕಾಫಿ, ಅವರು ತಂದ ಜೇನು ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ. ಸ್ವಯಂಸೇವೆಗೆ ಹೋಗುವವರು ಮೊದಲೇ ಕೇಂದ್ರಕ್ಕೆ ಪತ್ರ ಬರೆದು ಯಾವ ಕೆಲಸಕ್ಕೆ ಕೈ ಬೇಕು, ಎಷ್ಟು ಕಾಲ ಬೇಕು ಎಂದು ಕೇಳಿಕೊಳ್ಳಿ. ಒಪ್ಪಿಕೊಂಡಷ್ಟು ಕಾಲ ನಿಲ್ಲಿ. ಅನುಮತಿಯಿಲ್ಲದೆ ಮಕ್ಕಳ ಫೋಟೊ ತೆಗೆಯಬೇಡಿ. ಮರಳಿದ ಮೇಲೆ, ಕಾಡಿನವರ ಹಕ್ಕಿನ ಮಾತು ಎಲ್ಲೇ ಬಂದರೂ ಅವರ ಪರವಾಗಿ ದನಿ ಎತ್ತಿ. ಅವರ ಅನ್ನ ಉಂಡು ಬಂದವರಿಗೆ ಅಷ್ಟು ಕರ್ತವ್ಯ ಇದ್ದೇ ಇದೆ.