ಒಬ್ಬರಿಗೂ ಒಂದು ಒಲೆ

ನಾನು ಕೂಟಗಲ್ಲಿಗೆ ವರ್ಗವಾಗಿ ಬಂದು ಹಿಡಿದ ಬಾಡಿಗೆ ಕೋಣೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕಿ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳು ಬೆಂಗಳೂರು ಸೇರಿದ್ದರು. ಸಂಜೆಯಾದರೂ ಆ ಮನೆಯಿಂದ ಒಗ್ಗರಣೆಯ ಸದ್ದಾಗಲಿ ಘಮಲಾಗಲಿ ಬಾರದು. ಒಂದು ದಿನ ತಡೆಯಲಾರದೆ, "ಅವ್ವಾ, ಊಟ ಆಯಿತೆ?" ಎಂದು ಕೇಳಿದೆ. "ನಾನೊಬ್ಳಿಗೆ ಏನ್ ಒಲೆ ಹಚ್ಚಾದು ಮೇಷ್ಟ್ರೇ? ಟೀ ಕಾಯಿಸ್ಕೊಂಡು ಬನ್ನು ತಿಂದೆ, ಸಾಕಾಯ್ತು" ಎಂದರು.

ಅವರಿಗೆ ಬುದ್ಧಿ ಹೇಳಲು ನನಗಾದರೂ ಯಾವ ಅಧಿಕಾರ? ನಾನೂ ಸಂಸಾರವನ್ನು ಬೇರೆ ಊರಿನಲ್ಲಿ ಬಿಟ್ಟು ಬಂದವನು. ಬೆಳಗ್ಗೆ ಹೋಟೆಲಿನ ಇಡ್ಲಿ, ಮಧ್ಯಾಹ್ನ ಎರಡು ಬಾಳೆಹಣ್ಣು, ರಾತ್ರಿ ಅನ್ನಕ್ಕೆ ಉಪ್ಪಿನಕಾಯಿ. ಇದು ನನ್ನ ದಿನಚರಿ. 'ಕೂಟ' ಎಂದರೆ ಸೇರುವಿಕೆ. ಊರ ಹೆಸರಿನ ಮೂಲ ಏನೇ ಇರಲಿ, ಅಂಥ ಹೆಸರು ಹೊತ್ತ ಊರಿನಲ್ಲಿ ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಅರೆಹೊಟ್ಟೆಯಲ್ಲಿ ಮಲಗುತ್ತಿದ್ದೆವು. ಆ ಮಳೆಗಾಲದಲ್ಲಿ ಅವ್ವ ಒಂದು ಬೆಳಗ್ಗೆ ಅಂಗಳ ಗುಡಿಸುತ್ತಲೇ ತಲೆಸುತ್ತಿ ಬಿದ್ದರು. ಪರೀಕ್ಷಿಸಿದ ವೈದ್ಯರು ರಕ್ತ ಕಡಮೆಯಾಗಿದೆ ಎಂದರು. ಮಾತ್ರೆ ಬರೆದುಕೊಟ್ಟು, "ಮೊದಲು ಹೊತ್ತುಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದು ಹೇಳಿ ಕಳುಹಿಸಿದರು. ಆ ದಿನದಿಂದ ಒಬ್ಬರ ಅಡಿಗೆಯ ವಿಚಾರವನ್ನು ನಾನು ಪಾಠದಂತೆ ಅಭ್ಯಾಸ ಮಾಡಿದೆ.

ಪಟ್ಟಣದ ವಾಚಕರು ಇದು ಹಳ್ಳಿಯ ಮಾತೆಂದು ಕಡೆಗಣಿಸಬಾರದು. ಕೋಣೆ ಹಿಡಿದು ಓದುವ ಹುಡುಗರು, ಕೆಲಸಕ್ಕೆಂದು ಊರು ಬಿಟ್ಟ ಹೆಣ್ಣುಮಕ್ಕಳು, ಸಂಗಾತಿಯನ್ನು ಕಳೆದುಕೊಂಡ ನಿವೃತ್ತರು ನಿಮ್ಮ ಬೀದಿಯಲ್ಲಿಯೂ ಇದ್ದಾರೆ.

ನಮ್ಮಲ್ಲಿ ಪಾಕಶಾಸ್ತ್ರಕ್ಕೆ ಕೊರತೆಯಿಲ್ಲ. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಯ ವಿಚಾರವಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮಂಗರಸ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದ. ಅದು ಪೂರ್ತಿ ಸಸ್ಯಾಹಾರದ ಅಡಿಗೆ. ಆದರೆ ನಮ್ಮ ಮನೆಗಳಲ್ಲಿ ಕೈಯಿಂದ ಕೈಗೆ ಬಂದ ಅಳತೆಯೆಲ್ಲ ತುಂಬಿದ ಸಂಸಾರದ ಅಳತೆ: ಸೇರು, ಅಚ್ಚೇರು, ಪಾವು. ಒಬ್ಬರಿಗೆಂದು ಹೊರಟಾಗ ಕೈ ತಡವರಿಸುತ್ತದೆ.

ನಾಲ್ವರ ಅಳತೆಯನ್ನು ನಾಲ್ಕರಿಂದ ಭಾಗಿಸಿದರೆ ಆಯಿತಲ್ಲ ಎಂದು ಗಣಿತದ ಮೇಷ್ಟರು ಹೇಳಿಯಾರು. ನಾನೂ ಹಾಗೆಯೇ ಮಾಡಿ ಅನ್ನವನ್ನು ಸೀಯಿಸಿದೆ. ಕಾರಣ ಸುಲಭ. ಅಕ್ಕಿ ಹೀರುವ ನೀರು ಅಕ್ಕಿಯಷ್ಟಕ್ಕೆ ತಕ್ಕಂತೆ ಕಡಮೆಯಾಗುತ್ತದೆ, ನಿಜ. ಆದರೆ ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿ ಎಷ್ಟು ಅಗಲ, ಒಲೆಯ ಮೇಲೆ ಎಷ್ಟು ಹೊತ್ತು ಎಂಬುದನ್ನು ನೋಡುತ್ತದೆಯೇ ಹೊರತು ಉಣ್ಣುವವರು ಎಷ್ಟು ಮಂದಿ ಎಂಬುದನ್ನಲ್ಲ. ಅಗಲವಾದ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟರೆ ನೀರು ಬೇಗ ಬತ್ತಿ ತಳ ಹಿಡಿಯುತ್ತದೆ. ಒಗ್ಗರಣೆಯೂ ಹಾಗೆಯೇ: ಬಾಣಲೆಯ ತಳ ನೆನೆಯುವಷ್ಟು ಎಣ್ಣೆ ಇಲ್ಲದಿದ್ದರೆ ಸಾಸಿವೆ ಸಿಡಿಯುವ ಮೊದಲೇ ಕರಿಯುತ್ತದೆ. ರುಬ್ಬುವುದರಲ್ಲಿಯೂ ಇದೇ ಪಾಡು. ದೊಡ್ಡ ಜಾರಿನಲ್ಲಿ ಒಂದು ಹಿಡಿ ಕಾಯಿ ಹಾಕಿದರೆ ಅದು ಗೋಡೆಗೆ ಮೆತ್ತಿಕೊಂಡು, ಅಲಗು ಬರಿದೇ ತಿರುಗುತ್ತದೆ.

ಆದುದರಿಂದ ಒಂಟಿ ಅಡಿಗೆಯ ಮೊದಲ ಸೂತ್ರ: ಸಾಮಗ್ರಿಯನ್ನು ಕಡಮೆ ಮಾಡುವ ಮೊದಲು ಪಾತ್ರೆಯನ್ನು ಚಿಕ್ಕದು ಮಾಡಿರಿ. ಎರಡು ಮೂರು ಲೀಟರಿನ ಕುಕ್ಕರು, ಅದರೊಳಗೆ ಹಿಡಿಸುವ ಎರಡು ಬಟ್ಟಲು, ಅಂಗೈಯಗಲದ ಒಗ್ಗರಣೆ ಸೌಟು, ಮಿಕ್ಸಿಯ ಚಟ್ನಿ ಜಾರು ಅಥವಾ ಪುಟ್ಟ ಒರಳು, ಇಷ್ಟಿದ್ದರೆ ಸಾಕು. ಕುಕ್ಕರಿನ ತಳದಲ್ಲಿ ಆವಿಗೆಂದು ನೀರು ಇರಲೇಬೇಕು. ಒಂದು ಬಟ್ಟಲಲ್ಲಿ ಬೇಳೆ, ಇನ್ನೊಂದರಲ್ಲಿ ಅಕ್ಕಿ ಇಟ್ಟರೆ ಒಂದೇ ಉರಿಗೆ ಎರಡೂ ಬೇಯುತ್ತವೆ. ಬೆಳಗಿನ ವಾರ್ತೆ ಮುಗಿಯುವ ಹೊತ್ತಿಗೆ ಒಲೆಯ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ.

ಎರಡನೆಯ ಸೂತ್ರವನ್ನು ನನಗೆ ಕಲಿಸಿದ್ದು ನಮ್ಮ ಸೀಮೆಯ ಬಸ್ಸಾರು. 'ಬಸಿ' ಎಂಬ ಕ್ರಿಯೆಗೆ 'ಸಾರು' ಸೇರಿ ಆದ ಮಾತು. ಬಸಿದ ನೀರಿನಿಂದ ಮಾಡಿದ ಸಾರು ಎಂದರ್ಥ. ಒಂದೇ ಪಾತ್ರೆಯಲ್ಲಿ ಬೇಯಿಸಿ ಎರಡು ವ್ಯಂಜನ ಪಡೆಯುವ ಈ ಉಪಾಯ ಒಂಟಿ ಜೀವಕ್ಕೆಂದೇ ಹುಟ್ಟಿದಂತಿದೆ.

ಒಬ್ಬರ ಅಳತೆ ಹೀಗೆ: ದೊಡ್ಡ ಹಿಡಿಯೊಂದು ಹೆಸರುಕಾಳು ಅಥವಾ ಅಲಸಂದೆ, ಸುಮಾರು 50 ಗ್ರಾಮು, ದಂಟು, ಕೀರೆ, ನುಗ್ಗೆ ಯಾವುದಾದರೂ ಸೊಪ್ಪು, ಹೆಚ್ಚಿದಾಗ ಎರಡು ಬೊಗಸೆ. ಹುರುಳಿಯಾದರೆ ರಾತ್ರಿಯೇ ನೆನೆಸಬೇಕು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ. ಎರಡೂ ಬೆಂದಾಗ ನೀರನ್ನು ಬಸಿದುಕೊಳ್ಳಿ. ಎರಡು ಒಣಮೆಣಸಿನಕಾಯಿ, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಇವನ್ನು ಬಾಡಿಸಿ, ಧನಿಯ, ಜೀರಿಗೆ, ನಾಲ್ಕು ಕಾಳು ಮೆಣಸು, ಸ್ವಲ್ಪ ಕಾಯಿ, ಚೂರು ಹುಣಸೆಹಣ್ಣು, ಬೆಂದ ಕಾಳುಸೊಪ್ಪಿನಿಂದಲೇ ಒಂದು ಚಮಚ ಸೇರಿಸಿ ನುಣ್ಣಗೆ ರುಬ್ಬಿರಿ. ಬಸಿದ ನೀರಿಗೆ ಇದನ್ನು ಕದಡಿ ಚೆನ್ನಾಗಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಬೆಳ್ಳುಳ್ಳಿ, ಈರುಳ್ಳಿ ಬಳಸದವರು ಇಂಗು ಹಾಕಿಕೊಳ್ಳಬಹುದು.

ಜೊತೆಗೆ ಮುದ್ದೆ. ಒಂದು ಸಣ್ಣ ಲೋಟ ರಾಗಿಹಿಟ್ಟಿಗೆ ಒಂದೂವರೆಯಿಂದ ಎರಡು ಲೋಟ ನೀರು. ಹಿಟ್ಟು ಹಳೆಯದೋ ಹೊಸದೋ ಎಂಬುದರ ಮೇಲೆ ತುಸು ಹೆಚ್ಚುಕಡಮೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿಯೇ ಕದಡಿ ಒಲೆಗಿಡಿ. ಕುದಿ ಬಂದಾಗ ಮಿಕ್ಕ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ಕುಳಿ ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಆಮೇಲೆ ಗಂಟಿಲ್ಲದಂತೆ ತೊಳಸಿ, ಕೈ ಒದ್ದೆಮಾಡಿಕೊಂಡು ಉಂಡೆ ಕಟ್ಟಿರಿ. ಹೊಸಬರು ತೊಳಸುವ ಮುನ್ನ ಆತುರಪಡುತ್ತಾರೆ. ಗಂಟಾಗುವುದೂ ಹಸಿಹಿಟ್ಟು ಹಲ್ಲಿಗೆ ಅಂಟುವುದೂ ಅದರಿಂದಲೇ.

ಈಗ ಲೆಕ್ಕ ನೋಡಿ. ಮಧ್ಯಾಹ್ನ ಮುದ್ದೆಗೆ ಸಾರು, ಪಲ್ಯ. ಉಳಿದ ಸಾರನ್ನು ರಾತ್ರಿ ಮತ್ತೆ ಕುದಿಸಿ ಅನ್ನಕ್ಕೆ ಬಡಿಸಿಕೊಂಡರೆ ರುಚಿ ಕೂಡಿರುತ್ತದೆಯೇ ಹೊರತು ಕೆಟ್ಟಿರುವುದಿಲ್ಲ. ಮಿಕ್ಕ ಪಲ್ಯವನ್ನು ಮಾರನೆಯ ಬೆಳಗ್ಗೆ ರಾಗಿಹಿಟ್ಟಿನಲ್ಲಿ ಕಲಸಿ ತಟ್ಟಿದರೆ ರೊಟ್ಟಿ. ಒಂದು ಸಲ ಒಲೆಯ ಮುಂದೆ ನಿಂತದ್ದಕ್ಕೆ ಮೂರು ಹೊತ್ತಿನ ಊಟ, ಮೂರಕ್ಕೂ ಬೇರೆಬೇರೆ ರೂಪ. ಒಂಟಿಯವರನ್ನು ಸೋಲಿಸುವುದು ಕೆಲಸದ ಭಾರವಷ್ಟೇ ಅಲ್ಲ, ಮಾಡಿದ್ದನ್ನೇ ಮೂರು ಹೊತ್ತು ತಿನ್ನುವ ಬೇಸರವೂ ಹೌದು.

ಉಳಿಸುವ ವಿಚಾರದಲ್ಲಿ ಒಂದು ಎಚ್ಚರಿಕೆ. ಸೆಕೆಯ ದಿನಗಳಲ್ಲಿ ಸಾರನ್ನಾಗಲಿ ಪಲ್ಯವನ್ನಾಗಲಿ ಗಂಟೆಗಟ್ಟಲೆ ಹೊರಗಿಡಬೇಡಿ. ಅನ್ನದ ವಿಷಯದಲ್ಲಂತೂ ಇನ್ನೂ ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟೂ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಶೀತಪೆಟ್ಟಿಗೆ ಇಲ್ಲದ ಮನೆಯಲ್ಲಿ ಅನ್ನವನ್ನು ಆಯಾ ಹೊತ್ತಿಗೆ ಮಾಡಿಕೊಳ್ಳುವುದೇ ಲೇಸು.

ಇನ್ನು ಪುಷ್ಟಿಯ ಮಾತು. ರಾಗಿ ಮತ್ತು ಅಕ್ಕಿಗಳ ವಾದವನ್ನು ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಹಾಡಿ ರಾಗಿಗೆ ಗೆಲುವು ಕೊಟ್ಟರು. ಪ್ರಯೋಗಶಾಲೆಯೂ ಸುಣ್ಣದಂಶದ ಮಟ್ಟಿಗೆ ಅದೇ ತೀರ್ಪನ್ನು ಕೊಟ್ಟಿದೆ: 100 ಗ್ರಾಮು ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಕ್ಯಾಲ್ಸಿಯಂ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಸೊಪ್ಪು ಕಾಳುಗಳಲ್ಲಿ ಕಬ್ಬಿಣದ ಅಂಶವಿದೆ. ಅದು ಮೈಗೆ ಹತ್ತಬೇಕಾದರೆ ಊಟದ ಕೊನೆಗೆ ನಿಂಬೆರಸವೋ ಸೀಬೆಹಣ್ಣೋ ಇರಬೇಕು, ಊಟದೊಡನೆ ಟೀ ಇರಕೂಡದು. ಬಿ-12 ಎಂಬ ಜೀವಸತ್ವ ಸೊಪ್ಪುಕಾಳುಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಆಧಾರ. ವಯಸ್ಸಾದವರು ಇದರ ವಿಚಾರವನ್ನು ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಟೀ, ಬನ್ನಿನ ಊಟದಲ್ಲಿ ಅವ್ವ ಏನೇನು ಕಳೆದುಕೊಳ್ಳುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಅಳತೆಯನ್ನೂ ವಿಧಾನವನ್ನೂ ಹೇಳಿಯಾಯಿತು. ಆದರೆ 'ನಾನೊಬ್ಬಳಿಗೆ' ಎಂಬ ಮಾತಿಗೆ ಉತ್ತರ ಅವುಗಳಲ್ಲಿಲ್ಲ. ಉಪಾಧ್ಯಾಯರಿಗೆ ಜನಗಣತಿಯ ಕೆಲಸ ಬೀಳುವುದು ನಿಮಗೆ ತಿಳಿದೇ ಇದೆ. ಅದರ ನಿಯಮದಂತೆ ಒಂದೇ ಅಡಿಗೆಮನೆಯಲ್ಲಿ ಉಣ್ಣುತ್ತ ಕೂಡಿ ಬಾಳುವವರು ಒಂದು ಕುಟುಂಬ. ಒಬ್ಬರೇ ಬೇರೆ ಒಲೆ ಹೂಡಿಕೊಂಡು ಉಣ್ಣುತ್ತಿದ್ದರೆ ಅವರದೂ ಒಂದು ಕುಟುಂಬವೇ. ಸರ್ಕಾರದ ಲೆಕ್ಕದಲ್ಲಿ ಅವ್ವನ ಮನೆ ಪೂರ್ತಿ ಮನೆ. ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. "ಹಂಗಾದ್ರೆ ನಾನೇ ಯಜಮಾನಿ, ನಾನೇ ನೆಂಟ್ರು" ಎಂದರು.

ನಾವು ಒಂದು ಒಪ್ಪಂದಕ್ಕೆ ಬಂದೆವು. ಒಲೆ ಅವರವರದೇ, ಆದರೆ ಸೊಪ್ಪಿನ ಕಟ್ಟು ಒಬ್ಬರಿಗೆ ದೊಡ್ಡದಾಗುವುದರಿಂದ ಅದನ್ನು ಇಬ್ಬರೂ ಹಂಚಿಕೊಳ್ಳುವುದು. ಯಾರ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳದೋ ಅವರನ್ನು ಇನ್ನೊಬ್ಬರು ಕೂಗಿ ಕೇಳುವುದು. ನಿಮ್ಮ ಪಕ್ಕದಲ್ಲಿ ಒಂಟಿಯಾಗಿರುವವರಿದ್ದರೆ ದಯವಿಟ್ಟು ಇಷ್ಟನ್ನು ಮಾಡಿ: ಒಂದು ಹೊತ್ತಿನ ಊಟ ಕೊಟ್ಟು ಸುಮ್ಮನಾಗುವುದಕ್ಕಿಂತ, "ಇವತ್ತೇನು ಅಡಿಗೆ?" ಎಂದು ದಿನವೂ ಕೇಳಿ. ಕೇಳುವವರಿದ್ದಾರೆಂದರೆ ಒಲೆ ಹತ್ತುತ್ತದೆ.

ಮೊನ್ನೆ ಮಾಗಡಿ ಕಡೆಯ ಸೊಗಡವರೆ ಬಂದಿತ್ತು. ಅವ್ವ ಮೊರ ಹಿಡಿದು ಬಾಗಿಲಿಗೆ ಬಂದು, "ಮೇಷ್ಟ್ರೇ, ಒಬ್ರಿಗೆ ಎಷ್ಟು ಹಿತುಕ್ಬೇಕು?" ಎಂದು ಕೇಳಿದರು. ಎರಡು ಹಿಡಿ ಸಾಕು ಎಂದೆ. ಅವರು ಮೂರು ಹಿಡಿ ನೆನೆಹಾಕಿದರೆಂದು ರಾತ್ರಿ ನನ್ನ ಬಟ್ಟಲು ನೋಡಿ ತಿಳಿಯಿತು.