ಮನೆ ತೆರಿಗೆಯ ಏರಿಕೆಗೆ ಮಿತಿ ಎಲ್ಲಿದೆ? ಕಾಸರಗೋಡು, ಹೊಸೂರು, ಆದವಾನಿಯ ಮೂರು ಲೆಕ್ಕಗಳು

ಗಡಿನಾಡಿನ ಕನ್ನಡಿಗರ ಮನೆಗೆ ವರ್ಷಕ್ಕೊಮ್ಮೆಯಾದರೂ ಬಂದೇ ಬರುವ ಕಾಗದವೊಂದಿದೆ. ಕಾಸರಗೋಡಿನಲ್ಲಿ ಅದರ ಮೇಲೆ ‘ವಸ್ತು ನಿಕುತಿ’ ಎಂದೋ ‘ಕೆಟ್ಟಿಡ ನಿಕುತಿ’ ಎಂದೋ ಮಲಯಾಳದಲ್ಲಿ ಬರೆದಿರುತ್ತದೆ. ಹೊಸೂರಿನಲ್ಲಿ ಅದು ‘ಸೊತ್ತು ವರಿ’, ಆದವಾನಿ ರಾಯದುರ್ಗಗಳಲ್ಲಿ ‘ಆಸ್ತಿ ಪನ್ನು’, ಸೊಲ್ಲಾಪುರ ಜತ್ತದ ಕಡೆ ‘ಘರಪಟ್ಟಿ’. ಹೆಸರು ನಾಲ್ಕಾದರೂ ವಿಷಯ ಒಂದೇ: ನಾವು ವಾಸವಿರುವ ಮನೆಗೆ ಸ್ಥಳೀಯಾಡಳಿತಕ್ಕೆ ಸಲ್ಲಿಸಬೇಕಾದ ತೆರಿಗೆ. ಅನೇಕ ಮನೆಗಳಲ್ಲಿ ಈ ಕಾಗದವನ್ನು ಓದುವ ಹೊಣೆ ಶಾಲೆಯಲ್ಲಿ ರಾಜ್ಯಭಾಷೆಯ ಅಕ್ಷರ ಕಲಿತ ಮಗುವಿನ ಪಾಲಿಗೆ ಬರುತ್ತದೆ. ಮಗು ಅಂಕಿಯನ್ನು ಓದಿ ಹೇಳುತ್ತದೆ; ಕಳೆದ ವರ್ಷಕ್ಕಿಂತ ಅಂಕಿ ಏಕೆ ದೊಡ್ಡದಾಯಿತು ಎಂಬ ಪ್ರಶ್ನೆಗೆ ಮಗುವಿನಲ್ಲೂ ಉತ್ತರವಿರುವುದಿಲ್ಲ, ಹಿರಿಯರಲ್ಲೂ ಇರುವುದಿಲ್ಲ.

ಏರಿಕೆಗೆ ಮಿತಿಯೇ ಇಲ್ಲವೇ ಎಂದು ಕೇಳುವವರಿಗೆ ‘ಶೇಕಡಾ ಐದು’, ‘ಶೇಕಡಾ ಹದಿನೈದು’ ಎಂಬ ಉತ್ತರಗಳು ದೊರೆಯುತ್ತವೆ. ಈ ಅಂಕಿಗಳನ್ನು ಕೇಳಿದೊಡನೆ ಐದು ಒಳ್ಳೆಯದು, ಹದಿನೈದು ಕೆಟ್ಟದ್ದು ಎಂದು ತೀರ್ಮಾನಿಸುವುದು ಸಹಜ. ಆದರೆ ಆ ತೀರ್ಮಾನ ಸರಿಯಲ್ಲ. ಒಂದು ಅಂಕಿ ಮೆಟ್ಟಿಲು, ಇನ್ನೊಂದು ಚಾವಣಿ. ಮೆಟ್ಟಿಲನ್ನು ಪ್ರತಿವರ್ಷ ಹತ್ತಲೇಬೇಕು. ಚಾವಣಿ ಅದಕ್ಕಿಂತ ಮೇಲೆ ಹೋಗದಂತೆ ತಡೆಯುವುದು ಮಾತ್ರ.

ಮೊದಲು ಕಾಸರಗೋಡನ್ನು ನೋಡೋಣ. ಕೇರಳದಲ್ಲಿ 2011ರ ನಿಯಮಗಳಿಂದ ಈಚೆಗೆ ಮನೆಯ ತಳ ವಿಸ್ತೀರ್ಣವೇ ತೆರಿಗೆಯ ಆಧಾರ; ಅದಕ್ಕೆ ಮೊದಲಿನಂತೆ ಮನೆಗೆ ಬರಬಹುದಾದ ಬಾಡಿಗೆಯ ಅಂದಾಜಲ್ಲ. ಚದರ ಮೀಟರಿಗೆ ಇಷ್ಟು ರೂಪಾಯಿ ಎಂಬ ಮೂಲದರವನ್ನು ಸರಕಾರ ಹಾಕಿದ ಕನಿಷ್ಠ ಗರಿಷ್ಠಗಳ ನಡುವೆ ಪಂಚಾಯತು ಅಥವಾ ನಗರಸಭೆ ಗೊತ್ತುಪಡಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯ ಪ್ರಕಾರ ಗ್ರಾಮ ಪಂಚಾಯತುಗಳಲ್ಲಿ 300 ಚದರ ಮೀಟರಿನವರೆಗಿನ ವಾಸದ ಮನೆಗೆ ಈ ದರ 6ರಿಂದ 10 ರೂಪಾಯಿ. ಮನೆ ಇರುವ ವಲಯ, ಎದುರಿನ ರಸ್ತೆ, ಕಟ್ಟಡದ ಹಳೆತನ ಮುಂತಾದವನ್ನು ನೋಡಿ ಅದರಲ್ಲಿ ಕೂಡಿಸುವುದೂ ಕಳೆಯುವುದೂ ಉಂಟು. ಕೊನೆಗೆ ಗ್ರಂಥಾಲಯ ಸೆಸ್ ಎಂದು ತೆರಿಗೆಯ ಶೇಕಡಾ 5 ಸೇರುತ್ತದೆ. (ನಮ್ಮ ಊರಿನ ವಾಚನಾಲಯಕ್ಕೆ ಕನ್ನಡ ಪುಸ್ತಕ ಬರಲಿಲ್ಲವೆಂದು ದೂರುವಾಗ ಆ ಸೆಸ್ಸನ್ನು ನಾವೂ ಕೊಟ್ಟಿದ್ದೇವೆಂಬುದನ್ನು ನೆನಪಿಟ್ಟುಕೊಂಡರೆ ದೂರಿಗೆ ತೂಕ ಹೆಚ್ಚು.)

ಅದೇ 2023ರ ಪರಿಷ್ಕರಣೆಯಲ್ಲಿ ಬಂದದ್ದೇ ವರ್ಷಂಪ್ರತಿ ಶೇಕಡಾ 5ರ ಏರಿಕೆ. ಇದು ಮೆಟ್ಟಿಲು. ಮನೆಗೆ ಹೊಸ ಇಟ್ಟಿಗೆ ಒಂದೂ ಸೇರದಿದ್ದರೂ ತೆರಿಗೆ ಏರುತ್ತದೆ. 100 ಚದರ ಮೀಟರಿನ ಮನೆಗೆ 8 ರೂಪಾಯಿ ದರದಲ್ಲಿ 800 ರೂಪಾಯಿ ತೆರಿಗೆ ಎಂದಿಟ್ಟುಕೊಳ್ಳೋಣ. ಮರುವರ್ಷ 840, ಅದರ ಮರುವರ್ಷ 882. ಏರಿಕೆಯ ಮೇಲೂ ಏರಿಕೆ ಕೂಡುವುದರಿಂದ ಹತ್ತು ವರ್ಷಗಳಲ್ಲಿ ಅದು 1,303 ರೂಪಾಯಿಯಾಗುತ್ತದೆ. ಹದಿನೈದನೆಯ ವರ್ಷ ಇಮ್ಮಡಿಯನ್ನು ದಾಟುತ್ತದೆ.

ಈ ಐದರ ಬಗ್ಗೆ ಇರುವ ಭಯ ಕೊಂಚ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಮೇಲಿನ ಮನೆಗೆ ಮೊದಲ ವರ್ಷದ ಏರಿಕೆ 40 ರೂಪಾಯಿ. ನಿಜವಾಗಿ ಎಚ್ಚರವಹಿಸಬೇಕಾದದ್ದು ಅಳತೆಯ ಅಂಕಿಯಲ್ಲಿ. 100 ಚದರ ಮೀಟರ್ ಎಂದಿರಬೇಕಾದಲ್ಲಿ 118 ಎಂದು ದಾಖಲೆಯಾದರೆ ತೆರಿಗೆ 800ರ ಬದಲು 944 ಆಗುತ್ತದೆ. ಮೂರು ವರ್ಷಗಳ ಏರಿಕೆಯನ್ನು ಒಟ್ಟುಗೂಡಿಸಿದರೂ ಇಷ್ಟಾಗದು. ಮೇಲಾಗಿ ಈ ತಪ್ಪು ಕೂಡ ಪ್ರತಿವರ್ಷ ಶೇಕಡಾ ಐದರಂತೆ ಬೆಳೆಯುತ್ತದೆ. ಶೇಕಡಾವಾರು ಅಂಕಿಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ; ಅಳತೆಯನ್ನು ಸರಿಪಡಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಅಳತೆಯ ಮಾತು ಬಂದುದರಿಂದ ಇನ್ನೆರಡು ವಿಷಯ. ಸ್ವಂತ ವಾಸದ ಮನೆ 60 ಚದರ ಮೀಟರಿನೊಳಗೆ, ಅಂದರೆ ಸುಮಾರು 645 ಚದರ ಅಡಿಯೊಳಗೆ ಇದ್ದರೆ 2023ರಿಂದ ಅದಕ್ಕೆ ಈ ತೆರಿಗೆಯೇ ಇಲ್ಲ. ವಿನಾಯಿತಿ ಒಬ್ಬರಿಗೆ ಒಂದೇ ಮನೆಗೆ, ಫ್ಲ್ಯಾಟುಗಳಿಗೆ ಅನ್ವಯಿಸದು. ಎರಡನೆಯದು ತಾರಸಿಯ ಮೇಲಿನ ಶೀಟು. ನಮ್ಮ ಮಳೆಗೆ ತಾರಸಿ ಸೋರದಂತೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸದ ಮನೆ ಈ ಜಿಲ್ಲೆಯಲ್ಲಿ ಅಪರೂಪ. ಮೂರು ಅಂತಸ್ತಿನವರೆಗಿನ ವಾಸದ ಮನೆಗಳಲ್ಲಿ ಸೋರಿಕೆ ತಡೆಯಲೆಂದೇ ಹಾಕಿದ ಇಂಥ ಮೇಲ್ಛಾವಣಿಗೆ ಹೆಚ್ಚುವರಿ ತೆರಿಗೆ ಬೇಡವೆಂಬುದು ಸರಕಾರದ ನಿಲುವು. ನಿಮ್ಮ ಮನೆಯ ವಿಸ್ತೀರ್ಣ ಇದ್ದಕ್ಕಿದ್ದಂತೆ ಹೆಚ್ಚಿ ಕಂಡರೆ ಮೊದಲು ನೋಡಬೇಕಾದದ್ದು ಆ ಶೀಟಿನ ಕೆಳಗಿನ ಜಾಗ ಲೆಕ್ಕಕ್ಕೆ ಸೇರಿದೆಯೇ ಎಂಬುದನ್ನು.

ಹೊಸ ಮನೆ ಕಟ್ಟಿದಾಗ ತಾಲೂಕು ಕಚೇರಿಯ ಮೂಲಕ ಒಂದೇ ಸಲ ಕೊಡುವ ಕಟ್ಟಡ ತೆರಿಗೆ ಬೇರೆ. ಅದು 1975ರ ಕಾಯಿದೆಯಂತೆ ರಾಜ್ಯ ಸರಕಾರಕ್ಕೆ ಸಲ್ಲುವಂಥದು. ಪಂಚಾಯತಿನ ವಾರ್ಷಿಕ ತೆರಿಗೆಯೊಂದಿಗೆ ಅದನ್ನು ಬೆರೆಸಿಕೊಂಡು ಗಾಬರಿಯಾಗುವವರಿದ್ದಾರೆ.

ತಮಿಳುನಾಡಿನ ಹೊಸೂರಿನಲ್ಲಿ ಲೆಕ್ಕ ಬೇರೆ ರೀತಿ. ಅಲ್ಲಿ 2022ರಲ್ಲಿ ಒಂದೇ ಬಾರಿಗೆ ದೊಡ್ಡ ಏರಿಕೆಯಾಯಿತು. ಚೆನ್ನೈ ಹೊರತುಪಡಿಸಿ ಉಳಿದ ಮಹಾನಗರ ಪಾಲಿಕೆಗಳಲ್ಲಿ 600 ಚದರ ಅಡಿಯವರೆಗಿನ ವಾಸದ ಮನೆಗೆ ಶೇಕಡಾ 25, 601ರಿಂದ 1,200ರವರೆಗೆ ಶೇಕಡಾ 50, 1,201ರಿಂದ 1,800ರವರೆಗೆ ಶೇಕಡಾ 75, ಅದಕ್ಕೂ ದೊಡ್ಡ ಮನೆಗೆ ಶೇಕಡಾ 100. ಸಣ್ಣ ಮನೆಗೆ ಸಣ್ಣ ಏರಿಕೆ ಎಂಬ ತತ್ತ್ವ ಮೆಚ್ಚತಕ್ಕದ್ದೇ. ಆದರೆ ಗೆರೆಯ ಅಂಚಿನಲ್ಲಿರುವವರ ಪಾಡು ನೋಡಿ. ಹಿಂದೆ 2,000 ರೂಪಾಯಿ ಕೊಡುತ್ತಿದ್ದ 1,195 ಚದರ ಅಡಿಯ ಮನೆಗೆ 3,000. ಅಷ್ಟೇ ಕೊಡುತ್ತಿದ್ದ 1,210 ಚದರ ಅಡಿಯ ಮನೆಗೆ 3,500. ಹದಿನೈದು ಅಡಿಯ ವ್ಯತ್ಯಾಸಕ್ಕೆ 500 ರೂಪಾಯಿ! ಇಲ್ಲಿಯೂ ಅಳತೆಯೇ ಮುಖ್ಯವಾಗುತ್ತದೆ. ಅದರ ಮೇಲೆ ವರ್ಷಕ್ಕೆ ಶೇಕಡಾ 6ರ ಏರಿಕೆ 2024ರಲ್ಲಿ ಬಂತು. ಆ ಗತಿಯಲ್ಲೇ ಸಾಗಿದರೆ ಹನ್ನೆರಡು ವರ್ಷಗಳಲ್ಲಿ ತೆರಿಗೆ ಇಮ್ಮಡಿಯಾಗುತ್ತದೆ. ಇದೆಲ್ಲ ನಗರದ ಮಾತು. ತಾಳವಾಡಿಯಂಥ ಗ್ರಾಮ ಪಂಚಾಯತುಗಳ ಮನೆ ತೆರಿಗೆ ಬೇರೆ ಕಾಯಿದೆಗೆ ಒಳಪಟ್ಟದ್ದು, ಈ ಶ್ರೇಣಿಗಳು ಅಲ್ಲಿಗೆ ಸಂಬಂಧಿಸಿದವಲ್ಲ.

ನಿಜವಾದ ಅರ್ಥದಲ್ಲಿ ಮಿತಿ ಎನ್ನಬಹುದಾದದ್ದು ಆಂಧ್ರಪ್ರದೇಶದ್ದು. ಅಲ್ಲಿನ ಪುರಸಭೆಗಳು ಬಾಡಿಗೆ ಮೌಲ್ಯವನ್ನು ಬಿಟ್ಟು ಬಂಡವಾಳ ಮೌಲ್ಯವನ್ನು, ಅಂದರೆ ನೋಂದಣಿ ಇಲಾಖೆ ಭೂಮಿಗೂ ಕಟ್ಟಡಕ್ಕೂ ಕಟ್ಟಿದ ಬೆಲೆಯನ್ನು ಆಧಾರವಾಗಿ ಹಿಡಿದವು. 2020ರ ತಿದ್ದುಪಡಿಯಿಂದ ಬಂದ ಈ ಪದ್ಧತಿಯಲ್ಲಿ ವಾಸದ ಮನೆಗೆ ತೆರಿಗೆ ಆ ಮೌಲ್ಯದ ಶೇಕಡಾ 0.10ರಿಂದ 0.50ರವರೆಗೆ. 375 ಚದರ ಅಡಿಯೊಳಗಿನ ಸ್ವಂತ ವಾಸದ ಮನೆಗೆ ವರ್ಷಕ್ಕೆ 50 ರೂಪಾಯಿ ಮಾತ್ರ. ಊರಿನ ಜಮೀನಿನ ಬೆಲೆ ಏರಿದಂತೆ ತೆರಿಗೆಯೂ ಹಾರುವ ಅಪಾಯ ಇದರಲ್ಲಿ ಇರುವುದರಿಂದಲೇ ಹೊಸ ತೆರಿಗೆ ಹಿಂದಿನ ವರ್ಷದ್ದಕ್ಕಿಂತ ಶೇಕಡಾ 15ರಷ್ಟು ಮಾತ್ರ ಹೆಚ್ಚಾಗಬಹುದೆಂಬ ಚಾವಣಿಯನ್ನು ಹಾಕಲಾಯಿತು.

ಆದವಾನಿಯ ಅಣ್ಣತಮ್ಮಂದಿರಿಬ್ಬರ ಮನೆಯನ್ನು ಕಲ್ಪಿಸಿಕೊಳ್ಳಿ. ಅಣ್ಣನದು ತಂದೆಯಿಂದ ಬಂದ ಹಳೆಯ ಮನೆ, ತೆರಿಗೆ 1,000 ರೂಪಾಯಿ. ಹೊಸ ಲೆಕ್ಕದಂತೆ ಅದು 2,500 ಆಗಬೇಕು. ಚಾವಣಿ ಇರುವುದರಿಂದ ಮೊದಲ ವರ್ಷ 1,150, ಎರಡನೆಯ ವರ್ಷ 1,322, ಐದನೆಯ ವರ್ಷ ಸುಮಾರು 2,011, ಏಳನೆಯ ವರ್ಷ ಪೂರ್ಣ 2,500. ಅಲ್ಲಿಗೆ ಏರಿಕೆ ನಿಲ್ಲುತ್ತದೆ, ನೋಂದಣಿ ಬೆಲೆ ಮತ್ತೆ ಏರುವವರೆಗೆ. ಅಂದರೆ ಈ ಹದಿನೈದು ತೆರಿಗೆಯನ್ನು ಕಡಿಮೆ ಮಾಡಲಿಲ್ಲ; ಕೊಡಲು ಸಮಯ ಕೊಟ್ಟಿತು. ನಿಗದಿತ ಕೂಲಿ, ಪಿಂಚಣಿಗಳಲ್ಲಿ ಬದುಕುವ ಮನೆಗೆ ಆ ಸಮಯವೇ ದೊಡ್ಡದು. ಪಕ್ಕದ ನಿವೇಶನದಲ್ಲಿ ತಮ್ಮ ಈಗ ಅಂಥದೇ ಮನೆ ಕಟ್ಟಿದನೆನ್ನಿ. ಅವನಿಗೆ ‘ಹಿಂದಿನ ವರ್ಷದ ತೆರಿಗೆ’ ಎಂಬುದೇ ಇಲ್ಲ. ಮೊದಲ ವರ್ಷದಿಂದಲೇ 2,500.

ಇಂಥ ಅಸಮಾನತೆ ಬೆಳೆದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ನಿದರ್ಶನವಿದೆ. ಅಲ್ಲಿ 1978ರ ಜೂನ್‌ನಲ್ಲಿ ಮತದಾರರು ಅಂಗೀಕರಿಸಿದ 13ನೆಯ ಪ್ರಸ್ತಾವ ಮನೆಯ ತೆರಿಗೆಯನ್ನು ಮೌಲ್ಯದ ಶೇಕಡಾ 1ಕ್ಕೂ ಮೌಲ್ಯನಿರ್ಧಾರದ ಏರಿಕೆಯನ್ನು ವರ್ಷಕ್ಕೆ ಶೇಕಡಾ 2ಕ್ಕೂ ಕಟ್ಟಿಹಾಕಿತು. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. ಹೂಡಿಕೆದಾರ ವಾರೆನ್ ಬಫೆಟ್ 2003ರಲ್ಲಿ ತಮ್ಮ ಎರಡು ಮನೆಗಳ ಲೆಕ್ಕವನ್ನು ಬಹಿರಂಗವಾಗಿ ಮುಂದಿಟ್ಟರು: ಬೇರೆ ರಾಜ್ಯದ ಒಮಾಹಾದಲ್ಲಿ ಸುಮಾರು 5 ಲಕ್ಷ ಡಾಲರ್ ಬೆಲೆಯ ಮನೆಗೆ ತೆರಿಗೆ 14,401 ಡಾಲರ್, ಕ್ಯಾಲಿಫೋರ್ನಿಯದ ಸುಮಾರು 40 ಲಕ್ಷ ಡಾಲರ್ ಬೆಲೆಯ ಮನೆಗೆ 2,264 ಡಾಲರ್. ವೃದ್ಧರು ತೆರಿಗೆಯ ಭಾರಕ್ಕೆ ಮನೆ ಮಾರಿಕೊಳ್ಳದಂತೆ ಆ ಮಿತಿ ಕಾಪಾಡಿತು, ನಿಜ. ಆದರೆ ಸ್ಥಳೀಯ ಮನೆ ತೆರಿಗೆಯನ್ನೇ ಬಹುವಾಗಿ ನೆಚ್ಚಿದ್ದ ಅಲ್ಲಿನ ಶಾಲೆಗಳು ಅನಂತರ ರಾಜ್ಯದ ಬೊಕ್ಕಸದ ಮುಖ ನೋಡಬೇಕಾಯಿತು. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ನಿರ್ವಹಣೆ ಗ್ರಾಮ ಪಂಚಾಯತಿನ ಹೊಣೆ, ಪಂಚಾಯತಿನ ಸ್ವಂತ ಆದಾಯದಲ್ಲಿ ಮನೆ ತೆರಿಗೆ ಪ್ರಧಾನವಾದದ್ದು ಎಂಬುದನ್ನು ಬಲ್ಲ ಪೋಷಕರು ‘ತೆರಿಗೆ ಏರಲೇಬಾರದು’ ಎನ್ನುವ ಮೊದಲು ಒಮ್ಮೆ ಯೋಚಿಸಿಯಾರು. ಏರಲಿ, ಆದರೆ ಎಷ್ಟು, ಯಾವ ಅಳತೆಯ ಮೇಲೆ ಎಂಬುದು ನಮಗೆ ತಿಳಿಯುವಂತೆ ಏರಲಿ ಎಂಬುದಷ್ಟೇ ನ್ಯಾಯವಾದ ಬೇಡಿಕೆ.

ಮೂರು ರಾಜ್ಯಗಳೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ತೆರಿಗೆಗೆ ಕೈಹಾಕಿದ್ದು ಆಕಸ್ಮಿಕವಲ್ಲ. ಕನಿಷ್ಠ ದರವನ್ನು ಅಧಿಸೂಚಿಸಬೇಕು, ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಗೆ ತಕ್ಕಂತೆ ಏರಬೇಕು ಎಂಬ ಷರತ್ತನ್ನು 15ನೆಯ ಹಣಕಾಸು ಆಯೋಗ ನಗರಗಳ ಅನುದಾನಕ್ಕೆ ಜೋಡಿಸಿತ್ತು. ಆದುದರಿಂದ ಈ ಏರಿಕೆಯನ್ನು ನಮ್ಮ ಊರಿನ ಸದಸ್ಯರೊಬ್ಬರ ಮರ್ಜಿ ಎಂದು ಭಾವಿಸಿ ಜಗಳಕ್ಕೆ ಹೋಗುವುದರಿಂದ ಪ್ರಯೋಜನವಿಲ್ಲ.

ಪ್ರಯೋಜನವಿರುವುದು ಕಾಗದವನ್ನು ಸರಿಯಾಗಿ ಓದುವುದರಲ್ಲಿ. ಮಲಯಾಳದ ‘ವಸ್ತು’ ಎಂದರೆ ಆಸ್ತಿ. ಮನೆಯೊಳಗಿನ ಸಾಮಾನಿಗೆ ತೆರಿಗೆಯಲ್ಲ. ‘ತರವಿಸ್ತೀರ್ಣಂ’ ಎಂದರೆ ತಳ ವಿಸ್ತೀರ್ಣ. ಅದರ ಮುಂದಿನ ಅಂಕಿಯನ್ನು ನಿಮ್ಮ ಮನೆಯ ನಕ್ಷೆಯೊಂದಿಗೆ ಹೋಲಿಸಿರಿ. ಇನ್ನೊಂದು ಪದ ಮೂರು ಭಾಷೆಗಳಲ್ಲಿ ಮೂರು ರೂಪದಲ್ಲಿ ಬರುತ್ತದೆ: ಮಲಯಾಳದಲ್ಲಿ ‘ಕುಡಿಶ್ಶಿಕ’, ತಮಿಳಿನಲ್ಲಿ ‘ನಿಲುವೈ’, ತೆಲುಗಿನಲ್ಲಿ ‘ಬಕಾಯಿ’. ಮೂರೂ ನಮ್ಮ ‘ಬಾಕಿ’. ಒಮ್ಮೆಲೇ ಇಮ್ಮಡಿಯಾಯಿತೆಂದು ಕಂಡ ತೆರಿಗೆಯಲ್ಲಿ ಅರ್ಧ ಹಿಂದಿನ ವರ್ಷದ ಬಾಕಿ ಆಗಿರುವುದುಂಟು. ಆಗ ಹಳೆಯ ರಶೀದಿ ಹುಡುಕಬೇಕು, ಅಷ್ಟೇ.

ಅಳತೆ ತಪ್ಪಿದ್ದರೆ ಕಾರ್ಯದರ್ಶಿಗೆ ಲಿಖಿತ ಆಕ್ಷೇಪ ಸಲ್ಲಿಸಬೇಕು. ಕೇರಳದಲ್ಲಿ ಅನಂತರದ ಮೇಲ್ಮನವಿ ಸ್ಥಳೀಯ ಸಂಸ್ಥೆಯ ಹಣಕಾಸು ಸ್ಥಾಯಿ ಸಮಿತಿಗೆ, ಅದಕ್ಕೂ ಮೇಲೆ ತಿರುವನಂತಪುರದ ಸ್ಥಳೀಯಾಡಳಿತ ನ್ಯಾಯಮಂಡಳಿಗೆ. ಅವಧಿ ಸಾಮಾನ್ಯವಾಗಿ 30 ದಿನ. ನೋಟೀಸಿನಲ್ಲಿ ಬರೆದ ದಿನಾಂಕವನ್ನೇ ಪ್ರಮಾಣವಾಗಿ ಹಿಡಿಯಿರಿ.

ಆಕ್ಷೇಪವನ್ನು ಕನ್ನಡದಲ್ಲೇ ಬರೆಯಬಹುದೇ? ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಸಂದರ್ಭದಲ್ಲಿ ನಮಗೆಲ್ಲ ಪರಿಚಿತ. ಅದರ ಹಿಂದೆಯೇ ಇರುವ 350ನೆಯ ವಿಧಿ, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ಆ ವಿಧಿ ಹೇಳುವುದಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಒಂದು ಹೆಜ್ಜೆ ಮುಂದಿದೆ: ಕನ್ನಡ ಅಲ್ಪಸಂಖ್ಯಾತರು ಹೆಚ್ಚಾಗಿರುವ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಲು, ಕನ್ನಡದಲ್ಲೇ ಉತ್ತರ ಪಡೆಯಲು ಅದರಲ್ಲಿ ಅವಕಾಶವಿದೆ. ಮನವಿಯಲ್ಲಿ ಕಟ್ಟಡದ ನಂಬರು, ವಾರ್ಡು, ನೋಟೀಸಿನ ದಿನಾಂಕ, ದಾಖಲಾದ ವಿಸ್ತೀರ್ಣ, ನೀವು ಅಳೆದ ವಿಸ್ತೀರ್ಣ ಇವಿಷ್ಟಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿರಿ.